ಫ್ಯಾನಿಗೆ ಏನೂ ಆಗಿರಲಿಲ್ಲ

ಮಾರ್ಚ್ ೧೦, ಮಂಗಳವಾರ

ನಿನ್ನೆ ನನ್ನ ತಮ್ಮ ತೀರಿಹೋದ. ನನ್ನ ಮನೆಯಲ್ಲಿ, ಮುಂದಿನ ಕೋಣೆಯಲ್ಲಿ. ಫ್ಯಾನ್ ಸರಿಮಾಡಲು ಬಂದಿದ್ದ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಬೇರೆ ಯಾರದೋ ಮನೆಯ ಸುದ್ದಿ ಬರೆದ ಹಾಗಿದೆ.

ನಾನು ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದೆ. ಅವನು ಏಣಿಯ ಮೇಲಿಂದ "ಅಕ್ಕಾ, ಸಕ್ಕರೆ ಕಮ್ಮಿ ಹಾಕು" ಅಂದ. "ಗೊತ್ತು ಕಣೋ" ಅಂದೆ. ಆಮೇಲೆ ಒಂದು ಸದ್ದು. "ಏನೋ ಬೀಳಿಸಿದೆ?" ಅಂತ ಕೂಗಿ ಕೇಳಿದೆ. ಉತ್ತರ ಬರಲಿಲ್ಲ. ಸಕ್ಕರೆ ಡಬ್ಬಿಗೆ ಮುಚ್ಚಳ ಹಾಕಿ, ಒಲೆ ಸಣ್ಣ ಮಾಡಿ, ಆಮೇಲೆ ಹೋದೆ. ಒಲೆ ಸಣ್ಣ ಮಾಡಿಕೊಂಡು ಹೋದೆನಲ್ಲ.

ಕೆಳಮನೆಯ ದರ್ಜಿ ಓಡಿ ಬಂದ. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು "ಬರೋವಷ್ಟರಲ್ಲೇ ಮುಗಿದಿತ್ತು ಅಮ್ಮಾ" ಅಂದರು. "ಏನು ಮುಗಿದಿತ್ತು?" ಅಂತ ಕೇಳಿದೆ. ಅವರು ದರ್ಜಿಯ ಮುಖ ನೋಡಿದರು.

ಅವನಿಗೆ ಎಪ್ಪತ್ತೆರಡು. ನಾನು ಎಂಬತ್ತು ದಾಟಿದವಳು. ಇದರಲ್ಲಿ ಎಲ್ಲೋ ಲೆಕ್ಕ ತಪ್ಪಿದೆ.

ಮಾರ್ಚ್ ೧೧, ಬುಧವಾರ

ಎಲ್ಲ ಮುಗಿಸಿ ಬಂದೆವು.

ಇಷ್ಟೊಂದು ಜನ ಎಲ್ಲಿದ್ದರು? ತಮ್ಮನಿಗೆ ಗೊತ್ತಿರುವವರೆಲ್ಲ ನನಗೂ ಗೊತ್ತು ಅಂದುಕೊಂಡಿದ್ದೆ. ಅರ್ಧಕ್ಕರ್ಧ ಮುಖ ನಾನು ಕಂಡೇ ಇಲ್ಲ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಹೆಸರು. ಬೇಕರಿಯಲ್ಲಿ ಜೊತೆಗಿದ್ದ ಮುದುಕ "ನಮ್ಮ ಉದ್ದ ಹೋಗ್ಬಿಟ್ನಲ್ಲ" ಅಂತ ಅತ್ತ. ಗಾಜಿನ ಕಾರ್ಖಾನೆಯ ಇಬ್ಬರು "ಹುಬ್ಬಿಲ್ಲದವನು" ಅಂತಿದ್ದರು. ಆಸ್ಪತ್ರೆಯ ನರ್ಸುಗಳಿಗೆ ಅವನು "ಲಿಫ್ಟಜ್ಜ". ಬೇರೆ ಬೇರೆಯವರ ಸಾವಿಗೆ ಹೊರಟ ಜನ ದಾರಿ ತಪ್ಪಿ ಒಂದೇ ಕಡೆ ಬಂದು ಸೇರಿದ ಹಾಗಿತ್ತು.

ತಮ್ಮನ ಹೆಂಡತಿ ನನ್ನ ಕಡೆ ನೋಡಲಿಲ್ಲ. ಒಂದು ಸಲವೂ ಇಲ್ಲ. ನಾನೇ ಹತ್ತಿರ ಹೋಗಿ ನಿಂತೆ. ಅವಳು ಎದ್ದು ಕಿಟಕಿಯ ಕಡೆ ಹೋದಳು. ನಮ್ಮಿಬ್ಬರದು ಮೊದಲಿಂದಲೂ ಅಷ್ಟಕ್ಕಷ್ಟೆ. ಅವನನ್ನು ಸಾಕಿದ್ದು ನಾನು ಅಂತ ನನಗೆ, ಅವನ ಜೊತೆ ಬಾಳಿದ್ದು ತಾನು ಅಂತ ಅವಳಿಗೆ. ಆದರೆ ಇದು ಆ ಹಳೆಯ ಮುನಿಸಲ್ಲ. ಇವನನ್ನು ಏಣಿ ಹತ್ತಿಸಿದ್ದು ಯಾರು ಅಂತ ಅವಳಿಗೆ ಗೊತ್ತಿದೆ.

ಮಾರ್ಚ್ ೧೩, ಶುಕ್ರವಾರ

ಏಣಿ ಅಲ್ಲೇ ನಿಂತಿದೆ. ಯಾರು ಎತ್ತಿ ನಿಲ್ಲಿಸಿದರೋ ಗೊತ್ತಿಲ್ಲ, ದರ್ಜಿ ಇರಬೇಕು. ಫ್ಯಾನಿನ ಬುಡದ ಮುಚ್ಚಳ ಕಳಚಿಕೊಂಡು ಜೋತಾಡುತ್ತಿದೆ. ಅಡುಗೆಮನೆಗೆ ಹೋಗಬೇಕಾದರೆ ಗೋಡೆಗೆ ಒತ್ತಿಕೊಂಡು ಸುತ್ತು ಹಾಕಿ ಹೋಗುತ್ತೇನೆ. ದರ್ಜಿ ಬಂದು "ತೆಗೆದಿಡ್ಲಾ ಅಮ್ಮಾ?" ಅಂದ. ಬೇಡ ಅಂದೆ. ಯಾಕೆ ಬೇಡ ಅಂತ ಅವನೂ ಕೇಳಲಿಲ್ಲ, ನನಗೂ ತಿಳಿಯದು.

ಇದನ್ನು ಇಲ್ಲಿ ಬಿಟ್ಟು ಬೇರೆ ಎಲ್ಲೂ ಹೇಳಲಾರೆ. ಫ್ಯಾನಿಗೆ ಏನೂ ಆಗಿರಲಿಲ್ಲ.

ಸುಮಾರು ದಿನದಿಂದ ಅವನು ಈ ಕಡೆ ಬಂದಿರಲಿಲ್ಲ. ಫೋನಿನಲ್ಲಿ ಏನಾದರೂ ನೆಪ ಹೇಳುತ್ತಿದ್ದ. ಸುಮ್ಮನೆ ಬಾ ಅಂತ ಕರೆಯುವ ಅಭ್ಯಾಸ ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ. ಯಾವಾಗಲೂ ಏನಾದರೂ ಕೆಲಸ ಇರಬೇಕು. ಅದಕ್ಕೇ ಭಾನುವಾರ ಫೋನ್ ಮಾಡಿ, "ಫ್ಯಾನು ಕಟಕಟ ಅಂತಿದೆ ಕಣೋ, ತಲೆ ಮೇಲೆ ಬೀಳುತ್ತೇನೋ" ಅಂದೆ. "ನಾಳೆ ಬರ್ತೀನಿ ಅಕ್ಕಾ. ಅಲ್ಲೀವರೆಗೆ ಅದರ ಕೆಳಗೆ ಕೂತ್ಕೋಬೇಡ" ಅಂದ.

ನಾನು ಆಯಸ್ಸೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತು ಜೋಡಿಸಿಕೊಟ್ಟವಳು. ಎಷ್ಟು ಸುಳ್ಳು ಆ ತಂತಿಗಳಲ್ಲಿ ಹೋಗಿದ್ದನ್ನು ಕೇಳಿದ್ದೇನೆ. ಒಂದೂ ಯಾರನ್ನೂ ಕೊಂದಿರಲಿಲ್ಲ.

ಮಾರ್ಚ್ ೧೬, ಸೋಮವಾರ

ತಮ್ಮನ ಮಗ ಬಂದಿದ್ದ, ಅಪ್ಪನ ರಿಪೇರಿ ಸಾಮಾನಿನ ಚೀಲ ತೆಗೆದುಕೊಂಡು ಹೋಗಲು. ಅಪ್ಪನ ಎತ್ತರ, ಅಮ್ಮನ ಮೂಗು. ಏಣಿ ನೋಡಿದವನೇ ಮಡಚಲು ಕೈ ಹಾಕಿದ. "ಮುಟ್ಟಬೇಡ!" ಅಂತ ಕಿರುಚಿಬಿಟ್ಟೆ. ಪಾಪ, ಬೆಚ್ಚಿ ಹಿಂದೆ ಸರಿದ. ನಲವತ್ತು ದಾಟಿದ ಗಂಡಸು, ಚಿಕ್ಕವನಿದ್ದಾಗ ನನ್ನಿಂದ ಬೈಸಿಕೊಂಡು ನಿಲ್ಲುತ್ತಿದ್ದ ಹಾಗೇ ನಿಂತ.

"ಅಮ್ಮ ಹೇಗಿದಾಳೆ?" ಅಂದೆ.

"ಮಾತಾಡ್ತಿಲ್ಲ ಅತ್ತೆ. ಯಾರ ಹತ್ರಾನೂ."

ಅವಳು ಮಾತಾಡದೆ ಇರುವುದು! ಎದುರು ಬೀದಿಯವರೂ ಕಿಟಕಿ ತೆರೆದು ವಿಚಾರಿಸುವ ಸಂಗತಿ ಅದು.

ಹೊರಡುವಾಗ ಹೇಳಿದ. ಆಸ್ಪತ್ರೆಯವರು ಕ್ಯಾಂಟೀನಿನಲ್ಲಿ ಅಪ್ಪನ ನೆನಪಿಗೆ ಒಂದು ಸಭೆ ಇಟ್ಟುಕೊಂಡಿದ್ದಾರಂತೆ, ತಿಂಗಳ ಕೊನೆಯ ಭಾನುವಾರ. ಮನೆಯವರೊಬ್ಬರು ಅಪ್ಪನ ಬದುಕಿನ ಬಗ್ಗೆ ಮಾತಾಡಬೇಕಂತೆ. ಅಮ್ಮನನ್ನು ಕೇಳಿದ್ದಕ್ಕೆ "ನಿಮ್ಮತ್ತೇನೇ ಮಾತಾಡ್ಲಿ" ಅಂದಳಂತೆ. ಎಂಟು ದಿನದಲ್ಲಿ ಅವಳು ಆಡಿದ ಮಾತು ಅದೊಂದೇ.

ಇದು ಶಿಕ್ಷೆ. ಬೇರೇನೂ ಅಲ್ಲ.

ಮಾರ್ಚ್ ೧೭, ಮಂಗಳವಾರ

ಎರಡು ಲೋಟ ಚಹಾ ಮಾಡಿದೆ. ಎರಡನ್ನೂ ಚೆಲ್ಲಿದೆ.

ಮಾರ್ಚ್ ೧೯, ಗುರುವಾರ

ಭಾಷಣ ಬರೆಯಲು ಕೂತೆ.

ಅಪ್ಪ ಹೋದಾಗ ತಮ್ಮನಿಗೆ ಇನ್ನೂ ಹಾಲುಹಲ್ಲು. ಅಮ್ಮ ಹಾಸಿಗೆ ಹಿಡಿದಳು. ನಾನು ಎಕ್ಸ್‌ಚೇಂಜ್ ಸೇರಿದೆ. ಅವನು ಮೀಸೆ ಚಿಗುರುವ ಮೊದಲೇ ಬೇಕರಿ ಸೇರಿದ. ಬೆಳಕು ಹರಿಯುವಾಗ ಮನೆಗೆ ಬಂದರೆ ಕಣ್ರೆಪ್ಪೆ ಮೇಲೆಲ್ಲ ಹಿಟ್ಟು. "ನನ್ನ ಮಗ ನನಗಿಂತ ಮೊದಲೇ ಮುದುಕನಾದ" ಅಂತ ಅಮ್ಮ ಮಲಗಿದಲ್ಲೇ ನಗುತ್ತಿದ್ದಳು. ಬಿಸಿ ಬ್ರೆಡ್ಡನ್ನು ಅಂಗಿಯೊಳಗೆ ಎದೆಗೊತ್ತಿ ತರುತ್ತಿದ್ದ, ಅಮ್ಮನಿಗೆ ತಣ್ಣಗಾಗಬಾರದು ಅಂತ.

ಬೇಕರಿ ಮುಚ್ಚಿದ ಮೇಲೆ ಗಾಜಿನ ಕಾರ್ಖಾನೆ. ಕುಲುಮೆಯ ಮುಂದೆ ನಿಂತು ನಿಂತು ಹುಬ್ಬು ಹೋಯಿತು. ನನಗೊಂದು ಗಾಜಿನ ಬಾತುಕೋಳಿ ಊದಿ ತಂದ. ಕತ್ತು ಸೊಟ್ಟ. ಕೇಳಿದರೆ "ಸೊಟ್ಟ ಅಲ್ಲ ಅಕ್ಕಾ, ಅದು ಹಿಂದೆ ತಿರುಗಿ ನೋಡ್ತಿದೆ" ಅಂದ.

ಆಮೇಲೆ ಹಡಗು. ಇದನ್ನು ಬರೆಯುವಾಗ ಮಾತ್ರ ಕೈ ಸಲೀಸಾಗಿ ಓಡಿತು. ಮೂರು ವರ್ಷ ಹಡಗಿನ ಅಡುಗೆಮನೆಯಲ್ಲಿದ್ದ. ಹಿಮ ಬೀಳುವ ಊರುಗಳ ಬಗ್ಗೆ ಬರೆಯುತ್ತಿದ್ದ, ರೆಕ್ಕೆ ಬಡಿದು ಹಾರುವ ಮೀನುಗಳ ಬಗ್ಗೆ, ಸೂರ್ಯ ಮುಳುಗಲೇ ಒಪ್ಪದ ಸಂಜೆಗಳ ಬಗ್ಗೆ. ಕಾಗದ ಬಂದ ದಿನ ಎಕ್ಸ್‌ಚೇಂಜಿನ ಹುಡುಗಿಯರೆಲ್ಲ ನನ್ನ ಕುರ್ಚಿಯ ಸುತ್ತ. "ಓದೇ, ಓದೇ" ಅಂತ ಪೀಡಿಸುತ್ತಿದ್ದರು. ಮೇಲಧಿಕಾರಿಯೂ ಬಾಗಿಲಲ್ಲಿ ನಿಂತು ಕೇಳಿದ್ದುಂಟು. ನಾನು ಆ ಕುರ್ಚಿ ಬಿಟ್ಟು ಎಲ್ಲಿಗೂ ಹೋದವಳಲ್ಲ. ಲೋಕ ಅಂತ ಏನು ನೋಡಿದ್ದರೂ ಅವನ ಕಣ್ಣಲ್ಲಿ ನೋಡಿದ್ದು.

ಇಲ್ಲಿಗೆ ನಿಲ್ಲಿಸಿದ್ದೇನೆ. ಮದುವೆಯ ನಂತರದ್ದು ನನಗೆ ಮೇಲುಮೇಲಿನದಷ್ಟೇ ಗೊತ್ತು. ಬಸ್ ಓಡಿಸಿದ, ಕಣ್ಣು ಮಂಜಾದ ಮೇಲೆ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸಿದ, ಇಬ್ಬರು ಮಕ್ಕಳನ್ನು ದಡ ಮುಟ್ಟಿಸಿದ. ಇದು ಒಂದು ಸಾಲಿಗೆ ಮುಗಿಯಿತು. ನಲವತ್ತೈದು ವರ್ಷ ಒಂದು ಸಾಲಿಗೆ ಮುಗಿಯುವುದು ಹೇಗೆ?

ಮಾರ್ಚ್ ೨೧, ಶನಿವಾರ

ಬೆಳಿಗ್ಗೆ ಬಾಗಿಲು ಬಡಿದ ಸದ್ದಿಗೇ ತಿಳಿಯಿತು, ತಮ್ಮನ ಹೆಂಡತಿ ಅಂತ. ಬಸ್ ಕಂಡಕ್ಟರ್ ಆಗಿದ್ದವಳು. ಮನೆಯ ಬಾಗಿಲನ್ನೂ ಬಸ್ಸಿನ ತಗಡು ಬಡಿದ ಹಾಗೇ ಬಡಿಯುತ್ತಾಳೆ. ಅವನು ಓಡಿಸುತ್ತಿದ್ದ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದಳು. ಹಾಗೇ ಆದ ಮದುವೆ.

ಒಳಗೆ ಬಂದು ಏಣಿಯ ಮುಂದೆ ನಿಂತಳು. ಮೇಲಿಂದ ಕೆಳಗೆ ನೋಡಿದಳು. ಈಗ ಬೈಯುತ್ತಾಳೆ ಅಂತ ಕಾದೆ. ಅವಳು ಕೈಚೀಲವನ್ನು ಏಣಿಯ ಒಂದು ಮೆಟ್ಟಿಲಿಗೆ ನೇತುಹಾಕಿ ಕುರ್ಚಿಯಲ್ಲಿ ಕೂತಳು.

"ಬರೆದಿದ್ದು ಓದಿ ಅತ್ತಿಗೆ. ತಪ್ಪಿದ್ರೆ ಹೇಳ್ತೀನಿ."

ನನ್ನ ತಮ್ಮನ ಬಗ್ಗೆ ನಾನು ಬರೆದಿದ್ದರಲ್ಲಿ ಇವಳು ತಪ್ಪು ಹುಡುಕುವುದೇ ಅಂತ ಸಿಟ್ಟು ಬಂತು. ಆದರೂ ಓದಿದೆ. ಬೇಕರಿಗೆ ತಲೆಯಾಡಿಸಿದಳು. ಬಾತುಕೋಳಿಗೆ ತುಟಿ ಕಚ್ಚಿಕೊಂಡಳು. ಹಡಗಿನ ಹತ್ತಿರ ಬಂದಾಗ ಕೈ ಎತ್ತಿದಳು.

"ಅದು ಓದ್ಬೇಡಿ ಸಭೆಯಲ್ಲಿ."

"ಯಾಕೆ?"

"ಅವರು ಹಡಗಲ್ಲಿ ಹೋಗ್ಲೇ ಇಲ್ಲ ಅತ್ತಿಗೆ."

ಕಿವಿ ಸರಿಯಾಗಿ ಕೇಳಲಿಲ್ಲ ಅಂದುಕೊಂಡೆ. "ಏನಂದೆ?"

"ಹತ್ತಿದ್ದು ನಿಜ. ಹಡಗು ಬಂದರಲ್ಲಿ ನಿಂತಿರುವಾಗ್ಲೇ ವಾಂತಿ ಶುರುವಾಯ್ತಂತೆ. ಹೊರಡೋ ಮೊದಲೇ ಇಳಿಸಿಬಿಟ್ರು. ಮನೆಗೆ ವಾಪಸ್ ಬರೋಕೆ ನಾಚಿಕೆ. ಮೂರು ವರ್ಷವೂ ಅದೇ ಬಂದರಲ್ಲಿ, ಹಡಗುಗಳ ಮೈಗೆ ಬಣ್ಣ ಬಳೀತಿದ್ರು. ಹಗ್ಗಕ್ಕೆ ಕಟ್ಟಿದ ಹಲಗೆ ಮೇಲೆ ಕೂತು."

"ಹಿಮ ಬೀಳೋ ಊರು?"

"ಯಾರೋ ನಾವಿಕ ಹೇಳಿದ್ದು."

"ಹಾರೋ ಮೀನು?"

"ಅದೂ."

"ಪರದೇಶದ ಸ್ಟಾಂಪಿತ್ತಲ್ಲೇ ಕಾಗದದ ಮೇಲೆ!"

"ನಾವಿಕರ ಕೈಗೆ ಕೊಟ್ಟು ಅಲ್ಲಿಂದ ಹಾಕಿಸ್ತಿದ್ರು. ನಿಮಗೋಸ್ಕರ ಅಷ್ಟು ಪಾಡು ಪಟ್ಟಿದಾರೆ."

"ನಿನಗೆ ಯಾವಾಗ ಹೇಳಿದ?"

"ಮದುವೆಗೆ ಮೊದ್ಲೇ. 'ಅಕ್ಕಂಗೆ ಮಾತ್ರ ಹೇಳ್ಬೇಡ, ಅವಳು ಊರೆಲ್ಲ ಹೇಳ್ಕೊಂಡಿದಾಳೆ, ಮುಖ ಮುರಿದ ಹಾಗಾಗುತ್ತೆ' ಅಂದ್ರು."

ಅಂದರೆ ಇಷ್ಟು ವರ್ಷ ಮನೆಯ ಊಟದ ಮೇಜಿನ ಮುಂದೆ ಕೂತು, ಮಕ್ಕಳಿಗೆ ನಾನು ಹಡಗಿನ ಕಥೆ ಹೇಳುವಾಗ, ಅವನೂ ಇವಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದಾರೆ!

"ನನ್ನ ಮುಂದೆ ಕೂತು ನಗ್ತಿದ್ರಾ ಇಬ್ರೂ?"

"ನಾನು ನಗ್ತಿದ್ದೆ. ಅವರು ನಗ್ತಿರಲಿಲ್ಲ."

"ಎದ್ದು ಹೋಗು" ಅಂದೆ. ಚೀಲ ತೆಗೆದುಕೊಂಡು ಎದ್ದಳು. ಬಾಗಿಲಲ್ಲಿ ನಿಂತು ತಿರುಗಿ, ಇನ್ನೇನೋ ಹೇಳಲು ಬಾಯಿ ತೆರೆದಳು. ನಾನು ಬಾಗಿಲು ಹಾಕಿದೆ.

ಮಾರ್ಚ್ ೨೨, ಭಾನುವಾರ

ಸುಳ್ಳ. ಸುಳ್ಳ. ಸುಳ್ಳ.

ಎದುರಿಗೆ ಇದ್ದಿದ್ದರೆ ಕಿವಿ ಹಿಂಡುತ್ತಿದ್ದೆ. ಬರಲಿ, ಕೇಳೇ ಬಿಡುತ್ತೇನೆ ಅಂದುಕೊಂಡೆ. ಬರುವುದಿಲ್ಲ ಅನ್ನುವುದು ಆಮೇಲೆ ನೆನಪಾಯಿತು. ಎರಡು ವಾರವಾದರೂ ಈ ಸುದ್ದಿ ನನಗೆ ದಿನಾ ಹೊಸದಾಗಿ ಬರುತ್ತಿದೆ.

ಮಾರ್ಚ್ ೨೪, ಮಂಗಳವಾರ

ನಾನೇ ಹೋದೆ. ಭಾಷಣದ ಉಳಿದ ಅರ್ಧ ಅವಳ ಹತ್ತಿರ ಇದೆ, ಏನು ಮಾಡಲಿ.

ಬಾಗಿಲು ತೆಗೆದದ್ದು ಅವಳ ಮಗಳು. ಔಷಧಿ ಅಂಗಡಿ ನಡೆಸುತ್ತಾಳೆ, ಎಲ್ಲರಿಗೂ ಮಾತ್ರೆ ಹೇಳುವ ದನಿಯಲ್ಲೇ ಮಾತಾಡುತ್ತಾಳೆ. "ಅತ್ತೆ, ಜಗಳಕ್ಕೆ ಬಂದಿದ್ರೆ ಮೊದಲು ಚಹಾ ಕುಡೀರಿ, ಆಮೇಲೆ ಶುರುಮಾಡಿ" ಅಂದಳು.

ತಮ್ಮನ ಹೆಂಡತಿ ಅವನ ಚಪ್ಪಲಿಗಳಿಗೆ ಪಾಲಿಶ್ ಹಾಕುತ್ತ ಕೂತಿದ್ದಳು. ಯಾರಿಗೆ ಅಂತ ನಾನು ಕೇಳಲಿಲ್ಲ.

"ಹೇಳು. ಬರ್ಕೋತೀನಿ" ಅಂದೆ.

ಹೇಳಿದಳು. ಮಕ್ಕಳು ಓದುತ್ತಿದ್ದಾಗ ಬೆಳಗಿನ ಪಾಳಿ ಬಸ್ಸು, ಸಂಜೆ ಒಂದು ಅಂಗಡಿಯಲ್ಲಿ ಬೂಟು, ಚೀಲ, ಕೊಡೆ ರಿಪೇರಿ. ಮಧ್ಯಾಹ್ನ ಡಿಪೋದಲ್ಲಿ ನಿಂತ ಬಸ್ಸಿನ ಹಿಂದಿನ ಸೀಟಿನಲ್ಲಿ ಟೋಪಿ ಮುಖಕ್ಕೆ ಮುಚ್ಚಿ ಸ್ವಲ್ಪ ಹೊತ್ತು ಮಲಗುವುದು. ಮಕ್ಕಳಾದ ಮೇಲೆ ಅವಳಿಗೆ ಬೇರೆ ಬಸ್ಸು ಹಾಕಿದರು, ಅವಳ ಪಾಳಿ ಇನ್ನೂ ಮುಂಚೆ. ಹಾಗಾಗಿ ಮಗಳ ಜಡೆ ಹಾಕುವುದು ಅವನ ಪಾಲಿಗೆ ಬಂತು. ಹಗ್ಗ ಹೆಣೆಯುವವನ ಹತ್ತಿರ ಹೋಗಿ ನೋಡಿ ಕಲಿತನಂತೆ.

"ಎಷ್ಟು ಬಿಗಿ ಅಂದ್ರೆ ನನಗೆ ದಿನವಿಡೀ ಹುಬ್ಬು ಮೇಲೇ ಇರ್ತಿತ್ತು" ಅಂದಳು ಮಗಳು. "ಟೀಚರು ಯಾವಾಗ್ಲೂ 'ಏನೇ ಆಶ್ಚರ್ಯ ನಿಂಗೆ' ಅಂತ ಕೇಳ್ತಿದ್ರು."

ಕಣ್ಣು ಮಂಜಾಗಿ ಬಸ್ಸು ಬಿಡಿಸಿದ ದಿನ ಅವನು ಮನೆಗೆ ಬಂದು ಊಟಕ್ಕೆ ಕೂತು, ತಟ್ಟೆಯ ಎರಡೂ ಅಂಚನ್ನು ಸ್ಟೀರಿಂಗ್ ಹಿಡಿದ ಹಾಗೆ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದನಂತೆ. ಲಿಫ್ಟಿನ ಕೆಲಸ ಸಿಕ್ಕಾಗ "ಬಸ್ಸು ಹಿಂದೆ ಮುಂದೆ ಹೋಗುತ್ತೆ, ಇದು ಮೇಲೆ ಕೆಳಗೆ ಹೋಗುತ್ತೆ, ಅಷ್ಟೇ" ಅಂದನಂತೆ.

ನನಗೆ ಇದೊಂದೂ ಗೊತ್ತಿರಲಿಲ್ಲ. ನನ್ನ ಮನೆಗೆ ಬಂದರೆ ನಲ್ಲಿ ನೋಡುತ್ತಿದ್ದ, ಬೀಗಕ್ಕೆ ಎಣ್ಣೆ ಬಿಡುತ್ತಿದ್ದ, ಚಹಾ ಕುಡಿದು ಹೋಗುತ್ತಿದ್ದ.

"ಕೊನೇಗೆ ಆ ಗಾಯದ ವಿಷಯ ಬರೀರಿ" ಅಂದಳು ತಮ್ಮನ ಹೆಂಡತಿ. "ಕುಲುಮೆ ಹತ್ರ ಜಾರಿ ಬಿದ್ದವನನ್ನ ಎಳೆಯೋಕೆ ಹೋಗಿ ತೊಡೆ ಸುಟ್ಕೊಂಡ್ರಲ್ಲ. ಅದು ಎಲ್ರಿಗೂ ಗೊತ್ತಾಗ್ಲಿ."

ನಾನು ಪೆನ್ನು ಕೆಳಗಿಟ್ಟೆ. "ತೊಡೆ ಹಿಂದೆ, ಉದ್ದಕ್ಕೆ, ಗೆರೆ ಗೆರೆ ಇದೆಯಲ್ಲ, ಅದಾ?"

"ಅದೇ."

"ಅದು ಬೇಕರಿಯ ಟ್ರೇ ಕಣೇ. ಆಗಷ್ಟೇ ಒಲೆಯಿಂದ ತೆಗೆದಿಟ್ಟಿದ್ದ ಟ್ರೇ ಮೇಲೆ ನಿದ್ದೆಗಣ್ಣಲ್ಲಿ ಹೋಗಿ ಕೂತ. ಮುಲಾಮು ಹಚ್ಚಿದ್ದು ನಾನು. ಒಂದು ವಾರ ಹೊಟ್ಟೆ ಮೇಲೇ ಮಲಗಿದ್ದ."

ಅವಳ ಕೈಯಲ್ಲಿದ್ದ ಪಾಲಿಶ್ ಬ್ರಷ್ ಹಾಗೇ ನಿಂತಿತು. "ಮೊಮ್ಮಕ್ಕಳಿಗೆಲ್ಲ ಹೇಳಿದೀನಿ! ಡಿಪೋದಲ್ಲಿ ಹೇಳಿದೀನಿ! ನಮ್ಮಮ್ಮ ಮದುವೆಗೆ ಒಪ್ಪಿದ್ದೇ ಅದನ್ನ ಕೇಳಿ!"

"ನಾನು ಎಕ್ಸ್‌ಚೇಂಜಿಗೆಲ್ಲ ಹಡಗಿನ ಕಥೆ ಹೇಳಿರಲಿಲ್ವಾ?"

ಮೊದಲು ಯಾರು ನಕ್ಕಿದ್ದು ಗೊತ್ತಿಲ್ಲ. ಆಮೇಲೆ ನಿಲ್ಲಿಸಲಾಗಲಿಲ್ಲ. ಮಗಳು ಬಾಗಿಲಲ್ಲಿ ನಿಂತು ಗಾಬರಿಯಿಂದ ನೋಡುತ್ತಿದ್ದಳು. ಅಪ್ಪ ಹೋಗಿ ತಿಂಗಳಾಗಿಲ್ಲ, ಇಬ್ಬರು ಮುದುಕಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ನಗುತ್ತ ನಗುತ್ತಲೇ ತಮ್ಮನ ಹೆಂಡತಿ ಆ ಚಪ್ಪಲಿಯನ್ನು ಎದೆಗೊತ್ತಿಕೊಂಡಳು. ನಾನು ಬೇರೆ ಕಡೆ ನೋಡಿದೆ.

ಫ್ಯಾನಿನ ವಿಷಯ ಹೇಳಬೇಕು ಅಂತಲೇ ಹೋಗಿದ್ದೆ. ಹೇಳದೆ ಬಂದೆ.

ಮಾರ್ಚ್ ೨೯, ಭಾನುವಾರ

ಕ್ಯಾಂಟೀನಿನ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಜನ ತುಂಬಿ ಬಾಗಿಲಲ್ಲೂ ನಿಂತಿದ್ದರು.

ಮೊದಲು ಒಬ್ಬ ಹಿರಿಯ ನರ್ಸ್ ಎದ್ದಳು. "ಲಿಫ್ಟಜ್ಜನಿಗೆ ಒಂದು ಸಲ ನೋಟೀಸ್ ಕೊಟ್ಟಿದ್ರು, ನಿಮಗೆ ಗೊತ್ತಾ?" ಅಂದಳು. ಮನೆಯವರು ಯಾರಿಗೂ ಗೊತ್ತಿರಲಿಲ್ಲ. ಮೇಲಿನ ವಾರ್ಡಿನಲ್ಲಿ ಯಾರಾದರೂ ತೀರಿಕೊಂಡು, ಮನೆಯವರು ಅಳುತ್ತ ಲಿಫ್ಟ್ ಹತ್ತಿದರೆ, ಅವನು ನಡುವೆ ಎಲ್ಲೂ ನಿಲ್ಲಿಸುತ್ತಿರಲಿಲ್ಲವಂತೆ. ಯಾರು ಎಷ್ಟೇ ಗುಂಡಿ ಒತ್ತಲಿ, ನೇರ ಕೆಳಕ್ಕೆ. ಅಪರಿಚಿತರು ಹತ್ತಿ ಅವರ ಮುಖ ನೋಡಬಾರದು ಅಂತ. ಒಂದು ಸಲ ದೊಡ್ಡ ಡಾಕ್ಟರನ್ನೇ ಬಿಟ್ಟು ಹೋದನಂತೆ. ವಿಚಾರಿಸಿದರೆ "ಲಿಫ್ಟು ಹಳೇದು ಸಾರ್, ಕೆಲವು ಸಲ ನಿಲ್ಲಲ್ಲ" ಅಂದನಂತೆ.

ನಾನು ತಮ್ಮನ ಹೆಂಡತಿಯ ಕಡೆ ನೋಡಿದೆ. ಅವಳು ನನ್ನ ಕಡೆ ನೋಡುತ್ತಿದ್ದಳು. ಗೊತ್ತಿತ್ತಾ ಅಂತ ಕಣ್ಣಲ್ಲೇ ಕೇಳಿದೆ. ಇಲ್ಲ ಅಂತ ತಲೆಯಾಡಿಸಿದಳು.

ಆಮೇಲೆ ಆಸ್ಪತ್ರೆಯ ಮೇಲ್ವಿಚಾರಕರು ಎದ್ದರು. ಒಳ್ಳೆಯ ಮನುಷ್ಯ, ಒಳ್ಳೆಯದನ್ನೇ ಹೇಳಿದರು. "ದುಡಿದೇ ಬದುಕಿದವರು, ದುಡೀತಾನೇ ಹೋದರು. ಅಕ್ಕನ ಮನೆಯ ಫ್ಯಾನು ಕೆಟ್ಟುಹೋಗಿತ್ತು, ಅದನ್ನು ಸರಿಮಾಡ್ತಾ ಮಾಡ್ತಾ..." ಅಂದರು. ಎಲ್ಲರೂ ನನ್ನ ಕಡೆ ಮರುಕದಿಂದ ತಿರುಗಿದರು. "ಈಗ ಅವರ ಅಕ್ಕ ಮಾತಾಡ್ತಾರೆ."

ಎದ್ದು ಮುಂದೆ ಹೋದೆ. ಕನ್ನಡಕ ಹಾಕಿಕೊಂಡೆ. ಭಾಷಣದ ಹಾಳೆ ಕೈಯಲ್ಲಿತ್ತು, ಚೆನ್ನಾಗಿಯೇ ಬರೆದಿದ್ದೆ. ಆದರೆ ಕಿವಿಯಲ್ಲಿ 'ಕೆಟ್ಟುಹೋಗಿತ್ತು' ಅನ್ನುವ ಮಾತೇ ಸುತ್ತುತ್ತಿತ್ತು.

"ಫ್ಯಾನಿಗೆ ಏನೂ ಆಗಿರಲಿಲ್ಲ" ಅಂದೆ.

ಯಾರದೋ ಕೈಯಲ್ಲಿದ್ದ ಲೋಟ ತಟ್ಟೆಗೆ ತಾಗಿದ ಸದ್ದು ಕೇಳಿಸಿತು.

"ನಾನು ಸುಳ್ಳು ಹೇಳಿ ಕರೆಸಿದೆ. ಅವನನ್ನು ನೋಡಬೇಕು ಅನ್ನಿಸಿತ್ತು, ಅಷ್ಟೆ. ಹಾಗಂತ ಹೇಳೋಕೆ ಬರಲಿಲ್ಲ. ಕೆಡದೆ ಇದ್ದ ಫ್ಯಾನಿಗೋಸ್ಕರ ನನ್ನ ತಮ್ಮ..." ಹಾಳೆ ಮಡಚಿದೆ. ಮಗನ ಮುಖ ಕಂಡಿತು, ಬಾಯಿ ತೆರೆದೇ ಇತ್ತು. ಮಗಳು ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಇಲ್ಲಿಂದ ಬಾಗಿಲವರೆಗೆ ಹೇಗೆ ನಡೆದುಹೋಗುವುದು ಅಂತ ಯೋಚಿಸುತ್ತಿದ್ದೆ.

"ಅದು ಅವರಿಗೆ ಗೊತ್ತಿತ್ತು!"

ಬಸ್ಸಿನ ಕೊನೆಯ ಸೀಟಿನವರೆಗೆ ಮುಟ್ಟುವ ದನಿ. ತಮ್ಮನ ಹೆಂಡತಿ ಎದ್ದು ನಿಂತಿದ್ದಳು.

"ಗೊತ್ತಿತ್ತು ಅತ್ತಿಗೆ. ಬೂಟು ಹಾಕ್ಕೊಳ್ತಾ ನಕ್ಕರು. 'ಹೊಸ ಫ್ಯಾನು ಕಣೇ, ಹೋದ್ವರ್ಷ ನಾನೇ ಹಾಕಿದ್ದು, ಅದು ಹೆಂಗೆ ಕಟಕಟ ಅನ್ನುತ್ತೆ? ಅಕ್ಕಂಗೆ ನನ್ನ ನೋಡ್ಬೇಕು ಅನ್ನಿಸಿದೆ' ಅಂದ್ರು. ಶಿಳ್ಳೆ ಹಾಕ್ಕೊಂಡು ಹೋದ್ರು!"

ಅವಳು ಅಲ್ಲೇ ನಿಂತಿದ್ದಳು, ನಾನು ಇಲ್ಲೇ ನಿಂತಿದ್ದೆ. ಉಳಿದವರು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. ಭಾಷಣ ಆಮೇಲೆ ಮಗ ಓದಿದನಂತೆ. ನನಗೆ ಒಂದಕ್ಷರವೂ ಕೇಳಿಸಲಿಲ್ಲ.

ಸಭೆ ಮುಗಿದ ಮೇಲೆ ನಾವಿಬ್ಬರೂ ಹೊರಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೆವು.

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಅಂದೆ.

"ಹೇಳೋಕೇ ಬಂದಿದ್ದೆ ಅವತ್ತು. ನೀವು ಬಾಗಿಲು ಹಾಕಿದ್ರಿ."

"ಅದಕ್ಕೂ ಮುಂಚೆ? ಮುಖ ಕೂಡ ನೋಡಲಿಲ್ಲ ನೀನು."

ನಮ್ಮ ಬಸ್ಸು ಬಂದು ನಿಂತು ಹೋಯಿತು.

"ಯಾವ ಮುಖ ಇಟ್ಕೊಂಡು ನೋಡ್ಲಿ ಅತ್ತಿಗೆ? ಎರಡು ತಿಂಗಳ ಹಿಂದೆ ಡಾಕ್ಟರು ಹೇಳಿದ್ರು, ಇವರ ಹೃದಯ ದಣಿದಿದೆ, ಏನೂ ಹತ್ತಬಾರದು, ಏನೂ ಎತ್ತಬಾರದು ಅಂತ. ಅದಕ್ಕೇ ನಿಮ್ಮ ಕಡೆ ಬರ್ತಿರಲಿಲ್ಲ. ನಿಮಗೆ ಹೇಳ್ತೀನಿ ಅಂದೆ. ನನ್ನ ಕೈಲಿ ಆಣೆ ಹಾಕಿಸಿಕೊಂಡ್ರು. 'ಅಕ್ಕಂಗೆ ಗೊತ್ತಾದ್ರೆ ಕೆಲಸ ಹೇಳೋದು ನಿಲ್ಲಿಸ್ತಾಳೆ. ಕೆಲಸ ಇಲ್ದೆ ಅವಳ ಮನೇಲಿ ಏನಂತ ಹೋಗಿ ಕೂತ್ಕೊಳ್ಳಲಿ?' ಅಂದ್ರು."

ನಾನು ಬೆಂಚಿನ ಅಂಚು ಹಿಡಿದುಕೊಂಡೆ.

"ಅವತ್ತು ಹಿಡಿದು ಕೂರಿಸಬಹುದಿತ್ತು" ಅಂದಳು. "ಮನೇಲಿ ಕೂತು ಕೂತು ನನ್ನ ತಲೆ ತಿಂತಿದ್ರು. ತೊಳೆದ ಪಾತ್ರೆ ಮತ್ತೆ ತೊಳೀತಿದ್ರು. ಹೋಗಿ ಬರ್ಲಿ, ನನಗೂ ಒಂದು ಗಳಿಗೆ ನೆಮ್ಮದಿ ಅಂದ್ಕೊಂಡೆ. ಕೊಡೆ ತಗೊಂಡು ಹೋಗಿ ಅಂತ ಮಾತ್ರ ಹೇಳಿದೆ. ಏಣಿ ಹತ್ತಬೇಡಿ ಅನ್ನಲಿಲ್ಲ ಅತ್ತಿಗೆ. ಕೊಡೆ ಅಂದೆ."

ಅವಳ ಕೈ ಹಿಡಿದುಕೊಂಡೆ. ಕಂಡಕ್ಟರ್ ಕೈ, ಹೆಬ್ಬೆರಳು ಇನ್ನೂ ಒರಟು. ಇನ್ನೊಂದು ಬಸ್ಸೂ ಬಂದು ಹೋಯಿತು.

ಮಾರ್ಚ್ ೩೦, ಸೋಮವಾರ

ದರ್ಜಿಯನ್ನು ಕರೆದು ಏಣಿ ತೆಗೆಸಿದೆ. ಮುಚ್ಚಳವನ್ನೂ ಅವನೇ ಹಾಕಿದ. ಕೋಣೆ ಇಷ್ಟು ದೊಡ್ಡದಿತ್ತು ಅನ್ನುವುದೇ ಮರೆತಿತ್ತು. ಮಧ್ಯಾಹ್ನ ಮಲಗಿದವಳಿಗೆ ಸಂಜೆಯವರೆಗೆ ಎಚ್ಚರವಿಲ್ಲ.

ಏಪ್ರಿಲ್ ೩, ಶುಕ್ರವಾರ

ತಮ್ಮನ ಹೆಂಡತಿ ಬಂದಿದ್ದಳು. ಆ ಬಂದರಿನ ಊರು ನೋಡಬೇಕಂತೆ. ಅವಳೂ ನೋಡಿಲ್ಲ, ಮಾತಲ್ಲಿ ಕೇಳಿದ್ದಷ್ಟೆ. "ಈ ವಯಸ್ಸಿನಲ್ಲಿ ರೈಲಾ?" ಅಂದೆ. "ರೈಲಿಗೇನು ವಯಸ್ಸು ಗೊತ್ತಾಗುತ್ತಾ?" ಅಂದಳು. ಮಕ್ಕಳಿಗೆ ಹೇಳಿದರೆ ಬೇಡ ಅನ್ನುತ್ತಾರೆ, ಹೊರಡುವ ದಿನ ಹೇಳೋಣ ಅಂದಳು. ಕಳ್ಳಿ.

ಏಪ್ರಿಲ್ ೧೧, ಶನಿವಾರ

ಬಂದರಿನ ಎದುರಿನ ಲಾಡ್ಜ್. ಗೋಡೆಗೆ ಉಪ್ಪು ಹಿಡಿದಿದೆ, ಹಾಸಿಗೆ ಪರವಾಗಿಲ್ಲ.

ಬೆಳಿಗ್ಗೆ ತಿಂಡಿ ಮುಗಿಸಿ ಹಡಗುಗಳಿಗೆ ಬಣ್ಣ ಬಳಿಯುವ ಕಟ್ಟೆಯ ಹತ್ತಿರ ಹೋದೆವು. ಕಾವಲಿನವನು ಒಳಗೆ ಬಿಡಲಿಲ್ಲ. ಇವಳು ತನ್ನ ಹಳೆಯ ದನಿಯಲ್ಲಿ ಎರಡು ಮಾತು ಹೇಳಿದಳು, ಬಿಟ್ಟ.

ಹಡಗು ಅಂದರೆ ಏನು ಅಂದುಕೊಂಡಿದ್ದೆನೋ. ಎದುರಿಗೆ ಒಂದು ಗೋಡೆ ಇತ್ತು. ನಾನು ಗೋಡೆ ಅಂತಲೇ ತಿಳಿದು, ಹಡಗು ಎಲ್ಲಿ ಅಂತ ಆ ಕಡೆ ಈ ಕಡೆ ಹುಡುಕಿದೆ. "ಇದೇ ಹಡಗು" ಅಂದಳು ಇವಳು. ತಲೆ ಎತ್ತಿದೆ, ಇನ್ನೂ ಎತ್ತಿದೆ, ಕತ್ತು ನೋಯುವವರೆಗೆ ಎತ್ತಿದೆ. ಅಷ್ಟು ಮೇಲೆ, ಹಗ್ಗಕ್ಕೆ ಕಟ್ಟಿದ ಒಂದು ಹಲಗೆ. ಅದರ ಮೇಲೆ ಒಬ್ಬ ಮನುಷ್ಯ, ಬೆರಳಷ್ಟು ಕಾಣುತ್ತಿದ್ದ. ಗಾಳಿ ಬಂದಾಗ ಹಲಗೆ ಸರಿಯುತ್ತಿತ್ತು, ಅವನು ಕಾಲಿನಿಂದ ಹಡಗನ್ನು ಮೆಲ್ಲಗೆ ಒದ್ದು ಮತ್ತೆ ಜಾಗಕ್ಕೆ ಬರುತ್ತಿದ್ದ.

ಮೂರು ವರ್ಷ. ಅಲ್ಲಿಂದ ಬೀಳದವನು.

"ಇಷ್ಟು ಎತ್ತರ ಅಂತ ನನಗೂ ಹೇಳಿರಲಿಲ್ಲ" ಅಂದಳು. ಆಮೇಲೆ ಇವಳು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದಳು. "ಭಯ ಆಗಲ್ವೇನಪ್ಪಾ?"

ಮೇಲಿನವನು ಬಗ್ಗಿ ನೋಡಿದ. "ಮೊದಲ್ನೇ ದಿನ ಆಗುತ್ತೆ ಅಮ್ಮಾ! ಎರಡನೇ ದಿನದಿಂದ ಗಾಳಿ ಚೆನ್ನಾಗಿದೆ ಅನ್ಸುತ್ತೆ! ದೂರ ನಿಲ್ಲಿ, ಬಣ್ಣ ಬೀಳುತ್ತೆ!"

"ಅಕ್ಕಾ, ಹಿಂದೆ ಬಾ" ಅಂತ ತೋಳು ಹಿಡಿದು ಎಳೆದಳು. ಎಳೆಯುವಷ್ಟರಲ್ಲಿ ಕೆಂಪು ಬಣ್ಣದ ಒಂದು ಹನಿ ಅವಳ ಹೊಸ ಶಾಲಿನ ಮೇಲೇ ಬಿತ್ತು. ಸೀಮೆಎಣ್ಣೆಗೆ ಹೋಗುತ್ತೆ ಅಂತ ನಾನು, ಉಜ್ಜಿದರೆ ಇನ್ನೂ ಹರಡುತ್ತೆ ಅಂತ ಅವಳು. ಲಾಡ್ಜಿಗೆ ಬರುವವರೆಗೂ ಅದೇ ವಾದ. ಈಗ ನೋಡಿದರೆ ಶಾಲನ್ನು ಮಡಚಿ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದಾಳೆ, ಉಜ್ಜಿಯೂ ಇಲ್ಲ, ಏನೂ ಇಲ್ಲ.

ನಾಳೆ ಬಂದರು ದಾಟಿ ಸಮುದ್ರದೊಳಗೆ ಸ್ವಲ್ಪ ದೂರ ಸುತ್ತಿಸಿಕೊಂಡು ಬರುವ ದೋಣಿ ಇದೆಯಂತೆ. ನನ್ನನ್ನು ಕೇಳದೆ ಎರಡು ಟಿಕೆಟ್ ತಂದಿದ್ದಾಳೆ. "ವಾಂತಿ ಬಂದ್ರೆ?" ಅಂದೆ. "ಬಂದ್ರೆ ಬರ್ಲಿ, ಸಮುದ್ರ ದೊಡ್ಡದಿದೆ" ಅಂದಳು. ಅಂಚಿನ ಸೀಟು ಒಂದೇ ಇರುವುದಂತೆ, ಅದು ತನಗೆ ಬೇಕಂತೆ.

ದೊಡ್ಡವಳು ನಾನು. ಬಿಡುವುದಿಲ್ಲ.